ರಜೆಯ ಎಂಟು ವಾರಗಳು

ಬೇಸಗೆ ರಜೆಯೆಂದರೆ ನಮ್ಮ ತಲೆಮಾರಿನವರಿಗೆ ಅಜ್ಜಿಯ ಮನೆ, ಮಾವಿನ ತೋಪು, ಮದುವೆ ಮುಂಜಿಗಳ ಸಾಲು. ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟರೆ ಅವು ಮತ್ತೆ ಕೆಳಗಿಳಿಯುತ್ತಿದ್ದುದು ಜೂನ್ ತಿಂಗಳ ಮೊದಲ ಮಳೆಯೊಡನೆ. ಈಗ ಕಾಲ ಬದಲಾಗಿದೆ. ನನ್ನ ಬಳಿ ಓದಿದ ನಿಮ್ಮಲ್ಲಿ ಅನೇಕರ ಮಕ್ಕಳು ವಿಜ್ಞಾನವನ್ನೋ ಇಂಜಿನಿಯರಿಂಗನ್ನೋ ವ್ಯಾಸಂಗ ಮಾಡುತ್ತಿದ್ದಾರೆ. ಮೇ ತಿಂಗಳು ಬಂದಿತೆಂದರೆ ಅವರಲ್ಲಿ ಕೆಲವರು ಬೆಂಗಳೂರು, ಮುಂಬಯಿ, ಹೈದರಾಬಾದುಗಳ ಯಾವುದಾದರೊಂದು ಪ್ರಯೋಗಶಾಲೆಗೆ ಎರಡು ತಿಂಗಳ ಸಂಶೋಧನಾ ಯೋಜನೆಗೆಂದು ಹೊರಟು ನಿಲ್ಲುತ್ತಾರೆ.

ಅವರ ತಂದೆತಾಯಿಗಳಾದ ನೀವು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. "ಮೇಷ್ಟ್ರೇ, ಎರಡು ತಿಂಗಳಲ್ಲಿ ಈ ಹುಡುಗರು ಏನು ತಾನೇ ಕಂಡುಹಿಡಿದಾರು? ಗಾಜಿನ ಪಾತ್ರೆ ತೊಳೆದು ಬರುವುದಕ್ಕೆ ಅಷ್ಟು ದೂರ ಹೋಗಬೇಕೆ?" ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉಪದೇಶದ ರೂಪದಲ್ಲಿ ಉತ್ತರ ಹೇಳುವುದಕ್ಕಿಂತ ಇತಿಹಾಸದ ಒಂದು ಬೇಸಗೆಯನ್ನು ನಿಮ್ಮ ಮುಂದಿಡುವುದು ಮೇಲೆಂದು ನನಗೆ ತೋರಿತು. ಆ ಬೇಸಗೆಯಲ್ಲಿ ಗಾಜಿನ ಪಾತ್ರೆ ತೊಳೆಯುವ ಪ್ರಸಂಗವೂ ಬರುತ್ತದೆ.

ಆ ಬೇಸಗೆ 1921ನೆಯ ಇಸವಿಯದು. ಸ್ಥಳ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯ. ನಮ್ಮ ಬಂಧುವರ್ಗದಲ್ಲಿಯೇ ದಿನವೂ ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವವರು ಎಷ್ಟು ಮಂದಿ ಇದ್ದಾರೆ! ಅವರ ತಂಪುಪೆಟ್ಟಿಗೆಯಲ್ಲಿರುವ ಆ ಪುಟ್ಟ ಸೀಸೆಯ ಪೂರ್ವಕಥೆಯಲ್ಲಿ ಆಗತಾನೆ ಪದವಿ ಪರೀಕ್ಷೆ ಮುಗಿಸಿದ್ದ ಒಬ್ಬ ವಿದ್ಯಾರ್ಥಿಯ ರಜೆ ಅಡಗಿದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಕಾಲದ ಪಠ್ಯದಲ್ಲಿ ಇದಕ್ಕೆ ದೊರೆಯುತ್ತಿದ್ದ ಸ್ಥಳ ಒಂದೋ ಎರಡೋ ಸಾಲು. ತರಗತಿಯಲ್ಲಿ ಹೇಳಲು ಸಮಯ ಸಾಲದೆ ಹೋದುದನ್ನು ಇಲ್ಲಿ ಸಾವಧಾನವಾಗಿ ಹೇಳುತ್ತೇನೆ.

ಮೊದಲು ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ಮಧುಮೇಹ ಮಕ್ಕಳಿಗೆ ಬಂದರೆ ಅದು ಮರಣಶಾಸನವೇ ಆಗಿದ್ದಿತು. ವೈದ್ಯರ ಕೈಯಲ್ಲಿದ್ದ ಒಂದೇ ಉಪಾಯವೆಂದರೆ ಉಪವಾಸ. ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯರು ರೂಪಿಸಿದ್ದ ಕ್ರಮದಂತೆ ರೋಗಿಗೆ ದಿನಕ್ಕೆ ಕೆಲವೇ ನೂರು ಕ್ಯಾಲೊರಿಗಳಷ್ಟು ಆಹಾರ ಕೊಟ್ಟು, ಸಾವನ್ನು ಕೆಲವು ತಿಂಗಳು, ಅದೃಷ್ಟವಿದ್ದರೆ ಒಂದೆರಡು ವರುಷ, ಮುಂದೂಡುತ್ತಿದ್ದರು. ಹಸಿದು ಅಳುವ ಮಗುವಿಗೆ ಅನ್ನ ಕೊಟ್ಟರೆ ರೋಗ ಕೊಲ್ಲುತ್ತದೆ, ಕೊಡದಿದ್ದರೆ ಹಸಿವು ಕೊಲ್ಲುತ್ತದೆ. ತಾಯಂದಿರ ಪಾಲಿಗೆ ಇದಕ್ಕಿಂತ ಘೋರವಾದ ಶಿಕ್ಷೆ ಬೇರೊಂದಿರಲಾರದು.

ರೋಗದ ಮೂಲ ಎಲ್ಲಿದೆಯೆಂಬುದು ತಿಳಿಯದೆ ಇರಲಿಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬಿಬ್ಬರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ತೀವ್ರವಾದ ಮಧುಮೇಹ ಕಾಣಿಸಿಕೊಂಡಿತು. ಆ ಗ್ರಂಥಿಯೊಳಗೆ ಜೀರ್ಣರಸವನ್ನು ಸ್ರವಿಸುವ ಕೋಶಗಳ ನಡುವೆ ಅಲ್ಲಲ್ಲಿ ದ್ವೀಪಗಳಂತೆ ಬೇರೊಂದು ಬಗೆಯ ಕೋಶಸಮೂಹಗಳಿವೆಯೆಂದು 1869ರಲ್ಲಿಯೇ ಬರ್ಲಿನ್ನಿನ ಪೌಲ್ ಲ್ಯಾಂಗರ್‌ಹಾನ್ಸ್ ತೋರಿಸಿಕೊಟ್ಟಿದ್ದರು. ಆಗ ಅವರೂ ವೈದ್ಯಕೀಯ ವಿದ್ಯಾರ್ಥಿಯೇ. ಪದವಿಗಾಗಿ ಬರೆದ ಪ್ರಬಂಧದಲ್ಲಿ, 21ನೆಯ ವಯಸ್ಸಿನಲ್ಲಿ, ಕಂಡುದನ್ನು ಕಂಡಂತೆ ವರ್ಣಿಸಿದರು; ಅವುಗಳ ಕೆಲಸವೇನೆಂಬುದು ತಮಗೆ ತಿಳಿಯದೆಂದೂ ಒಪ್ಪಿಕೊಂಡರು. ಇಂದಿಗೂ ಆ ಕೋಶಸಮೂಹಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳೆಂದೇ ಹೆಸರು.

ಈ ದ್ವೀಪಗಳಿಂದ ಒಂದು ರಸ ಒಸರಿ ರಕ್ತಕ್ಕೆ ಸೇರುತ್ತದೆ, ಸಕ್ಕರೆಯನ್ನು ಹತೋಟಿಯಲ್ಲಿಡುವುದು ಅದೇ ಎಂಬ ಊಹೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಲವಾಗಿ ಹರಡಿತ್ತು. ಆದರೆ ಆ ರಸವನ್ನು ಕೈಗೆ ತೆಗೆದುಕೊಳ್ಳುವುದು ಹೇಗೆ? ಗ್ರಂಥಿಯನ್ನು ಅರೆದು ಸಾರ ತೆಗೆದು ಪ್ರಯತ್ನಿಸಿದವರು ಹಲವರು. ಬರ್ಲಿನ್ನಿನ ಟ್ಸ್ಯೂಲ್ಸರ್, ಅಮೆರಿಕದ ಕ್ಲೈನರ್, ರುಮೇನಿಯದ ಪಾಲೆಸ್ಕೊ ಮೊದಲಾದವರು ಗುರಿಯ ಬಳಿಸಾರಿದ್ದರು. ಪಾಲೆಸ್ಕೊ ಅವರಂತೂ ತಮ್ಮ ಯಶಸ್ಸನ್ನು 1921ರಲ್ಲಿಯೇ ಪ್ರಕಟಿಸಿದ್ದರು. ಆದರೆ ರೋಗಿಗೆ ನಿರಪಾಯವಾಗಿ ದಿನದಿನವೂ ಕೊಡಬಲ್ಲ ಔಷಧ ಯಾರ ಕೈಯಲ್ಲಿಯೂ ಸಿದ್ಧವಾಗಿರಲಿಲ್ಲ.

ಇಂತಹ ಸಮಯದಲ್ಲಿ ರಂಗಕ್ಕೆ ಬಂದವರು ಫ್ರೆಡರಿಕ್ ಬಾಂಟಿಂಗ್. ರೈತ ಮನೆತನದ ಮಗ, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಪದಕ ಪಡೆದಿದ್ದ ಶಸ್ತ್ರವೈದ್ಯ. ಒಂಟಾರಿಯೊ ಪ್ರಾಂತದ ಲಂಡನ್ ಎಂಬ ಊರಿನಲ್ಲಿ 1920ರಲ್ಲಿ ವೈದ್ಯಶಾಲೆ ತೆರೆದರೆ ರೋಗಿಗಳೇ ಬರಲಿಲ್ಲ. ಜೀವನೋಪಾಯಕ್ಕೆಂದು ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ಅಲ್ಪಕಾಲದ ಬೋಧನೆಗೆ ಸೇರಿಕೊಂಡರು. ಅಕ್ಟೋಬರ್ ತಿಂಗಳ ಕೊನೆಯ ಒಂದು ರಾತ್ರಿ ಪಾಠದ ಸಿದ್ಧತೆಗೆಂದು ವೈದ್ಯಪತ್ರಿಕೆಯೊಂದನ್ನು ಓದಿ ಮಲಗಿದವರಿಗೆ ನಿದ್ರೆ ಹತ್ತದೆ, ಎದ್ದು ಟಿಪ್ಪಣಿ ಪುಸ್ತಕದಲ್ಲಿ ಕೆಲವು ಸಾಲು ಗೀಚಿದರು. ಅದರಲ್ಲಿ ಮಧುಮೇಹವೆಂಬ ಶಬ್ದದ ಕಾಗುಣಿತವೇ ತಪ್ಪಾಗಿದ್ದಿತು. ಅವರ ಯೋಚನೆ ಇಷ್ಟು: ಗ್ರಂಥಿಯ ನಾಳವನ್ನು ದಾರದಿಂದ ಬಿಗಿದು ಕೆಲವು ವಾರ ಬಿಟ್ಟರೆ ಜೀರ್ಣರಸದ ಕೋಶಗಳು ನಶಿಸುತ್ತವೆ, ದ್ವೀಪಗಳು ಉಳಿಯುತ್ತವೆ. ಆಗ ತೆಗೆದ ಸಾರದಲ್ಲಿ ದ್ವೀಪಗಳ ರಸವನ್ನು ಕೆಡಿಸುವ ಜೀರ್ಣರಸ ಇರುವುದಿಲ್ಲ.

ಈ ಯೋಚನೆಯನ್ನು ಹೊತ್ತು ಅವರು ಟೊರಾಂಟೊದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಜೆ. ಜೆ. ಆರ್. ಮೆಕ್ಲಿಯಾಡ್ ಅವರ ಬಳಿಗೆ ಹೋದರು. ಮೆಕ್ಲಿಯಾಡ್ ಸ್ಕಾಟ್‌ಲೆಂಡಿನವರು, ಸಕ್ಕರೆಯ ಚಯಾಪಚಯದಲ್ಲಿ ಜಗತ್ತು ಬಲ್ಲ ಪಂಡಿತರು. ಎದುರಿಗೆ ಕುಳಿತ ಯುವಕನಿಗೆ ಈ ವಿಷಯದ ಹಿಂದಿನ ಸಾಹಿತ್ಯ ಅಷ್ಟಾಗಿ ತಿಳಿಯದೆಂಬುದು ಅವರಿಗೆ ಕ್ಷಣಾರ್ಧದಲ್ಲಿ ಗೊತ್ತಾಯಿತು. ಆದರೂ ಅವರು ಬಾಗಿಲು ಮುಚ್ಚಲಿಲ್ಲ. ಬೇಸಗೆಯಲ್ಲಿ ಪ್ರಯೋಗಶಾಲೆ ಹೇಗೂ ಬರಿದಾಗಿರುತ್ತದೆ. ಕೊಠಡಿ ಕೊಡೋಣ, ನಾಯಿಗಳನ್ನು ಕೊಡೋಣ, ಜೊತೆಗೊಬ್ಬ ವಿದ್ಯಾರ್ಥಿಯನ್ನು ಕೊಡೋಣವೆಂದು ಒಪ್ಪಿದರು. ಬಾಂಟಿಂಗ್ ಮುಂದೆ ನೆನಪಿಸಿಕೊಂಡಂತೆ ಅವರು ಬೇಡಿದ್ದು ಹತ್ತು ನಾಯಿ, ಎಂಟು ವಾರ, ಒಬ್ಬ ಸಹಾಯಕ.

ಆ ಸಹಾಯಕನ ಕಥೆಯೇ ನನ್ನ ಇಂದಿನ ವಸ್ತು. ಮೆಕ್ಲಿಯಾಡ್ ಬಳಿ ಇಬ್ಬರು ವಿದ್ಯಾರ್ಥಿಗಳಿದ್ದರು: ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಇಬ್ಬರೂ ಶರೀರಕ್ರಿಯಾಶಾಸ್ತ್ರ ಹಾಗೂ ಜೀವರಸಾಯನಶಾಸ್ತ್ರದಲ್ಲಿ ಪದವಿಯ ಕೊನೆಯ ಪರೀಕ್ಷೆ ಬರೆದವರು. ಬೇಸಗೆಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳಬೇಕೆಂದು ತೀರ್ಮಾನವಾಯಿತು. ಮೊದಲ ಸರದಿ ಯಾರದೆಂದು ನಿರ್ಧರಿಸಲು ನಾಣ್ಯ ಚಿಮ್ಮಿಸಿದರೆಂದೂ ಗೆದ್ದವರು ಬೆಸ್ಟ್ ಎಂದೂ ಹೇಳುತ್ತಾರೆ. ನೋಬಲ್‌ರ ಸರದಿ ಬರುವ ಹೊತ್ತಿಗೆ ಬೆಸ್ಟ್ ಕೆಲಸದಲ್ಲಿ ನುರಿತುಬಿಟ್ಟಿದ್ದರು. ಹೊಸಬನೊಬ್ಬನಿಗೆ ಮತ್ತೆ ಮೊದಲಿನಿಂದ ಕಲಿಸುವುದು ಬೇಡವೆಂದು ನೋಬಲ್ ತಮ್ಮ ಅರ್ಧವನ್ನೂ ಗೆಳೆಯನಿಗೆ ಬಿಟ್ಟುಕೊಟ್ಟರು.

ಬೆಸ್ಟ್‌ಗೆ ಆಗ 22 ವರುಷ. ಮಧುಮೇಹ ಅವರಿಗೆ ಕೇವಲ ಪುಸ್ತಕದ ಶಬ್ದವಾಗಿರಲಿಲ್ಲ. ಅವರ ಸೋದರತ್ತೆಯೊಬ್ಬರು ಅದೇ ರೋಗದಿಂದ ತೀರಿಕೊಂಡಿದ್ದರು. ಬಾಂಟಿಂಗ್‌ಗೆ ಕತ್ತರಿ, ಸೂಜಿ, ದಾರಗಳ ವಿದ್ಯೆ ಬರುತ್ತಿತ್ತು. ಆದರೆ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅಳೆಯಲು ಬಾರದು. ಅದನ್ನು ಬಲ್ಲವರು ಬೆಸ್ಟ್. ಸ್ವಲ್ಪವೇ ರಕ್ತವನ್ನು ತೆಗೆದುಕೊಂಡು, ಪಿಕ್ರಿಕ್ ಆಮ್ಲದೊಡನೆ ಕಾಯಿಸಿ, ಹುಟ್ಟುವ ಬಣ್ಣದ ಗಾಢತೆಯನ್ನು ಹೋಲಿಸಿ ಸಕ್ಕರೆಯ ಪ್ರಮಾಣ ಹೇಳುವ ವಿಧಾನ ಆಗಿನ್ನೂ ಹೊಸದು. ಒಂದೇ ನಾಯಿಯಿಂದ ಗಂಟೆಗಂಟೆಗೂ ರಕ್ತ ತೆಗೆದು ಏರಿಳಿತ ನೋಡಲು ಸಾಧ್ಯವಾದುದು ಈ ವಿಧಾನದಿಂದಲೇ. ಹೀಗೆ ಆ ಕೊಠಡಿಯಲ್ಲಿ ಹಿರಿಯನಿಗೆ ತಿಳಿಯದ ಒಂದು ವಿದ್ಯೆ ಕಿರಿಯನ ಕೈಯಲ್ಲಿತ್ತು. ಅದಿಲ್ಲದಿದ್ದರೆ ಸಾರ ಕೆಲಸ ಮಾಡಿತೋ ಇಲ್ಲವೋ ಎಂಬುದೇ ತಿಳಿಯುವಂತಿರಲಿಲ್ಲ.

ಮೇ 17ರಂದು ಕೆಲಸ ಆರಂಭವಾಯಿತು. ಮೊದಲ ಶಸ್ತ್ರಚಿಕಿತ್ಸೆಯನ್ನು ಮೆಕ್ಲಿಯಾಡ್ ತಾವೇ ಮುಂದೆ ನಿಂತು ತೋರಿಸಿಕೊಟ್ಟರು. ಜೂನ್ ಮಧ್ಯದಲ್ಲಿ ಅವರು ರಜೆಗೆಂದು ಸ್ಕಾಟ್‌ಲೆಂಡಿಗೆ ತೆರಳಿದರು. ಮುಂದಿನದು ಇಬ್ಬರು ಯುವಕರ ಪಾಡು. ವೈದ್ಯಕೀಯ ಕಟ್ಟಡದ ಮೇಲಂತಸ್ತಿನ ಧೂಳು ಹಿಡಿದ ಕೊಠಡಿ. ಮೇಲೆ ಬಿಸಿಲಿಗೆ ಕಾದ ಮಾಳಿಗೆ. ಆರಂಭವೇ ಅಪಶಕುನ. ಎರಡು ವಾರ ಮುಗಿಯುವ ಮೊದಲೇ ಹತ್ತರಲ್ಲಿ ಏಳು ನಾಯಿಗಳು ಸತ್ತವು. ಬೀದಿಯಲ್ಲಿ ಹಣ ಕೊಟ್ಟು ಬೇರೆ ನಾಯಿಗಳನ್ನು ಕೊಳ್ಳಬೇಕಾಯಿತು.

ಗಾಜಿನ ಪಾತ್ರೆಯ ಪ್ರಸಂಗ ಬರುವುದು ಇಲ್ಲಿಯೇ. ಜೂನ್ ತಿಂಗಳಲ್ಲಿ ಬೆಸ್ಟ್ ಕೆಲವು ದಿನ ಸೈನಿಕ ತರಬೇತಿ ಶಿಬಿರಕ್ಕೆ ಹೋಗಿದ್ದರು. ಹಿಂದಿರುಗಿ ಬಂದಾಗ ಬಾಂಟಿಂಗ್ ಕೆಂಡವಾಗಿದ್ದರು. ಪಾತ್ರೆಗಳು ಕೊಳಕು, ದ್ರಾವಣಗಳು ಸರಿಯಿಲ್ಲ, ಇಂತಹ ಅಳತೆಯನ್ನು ನಂಬುವುದು ಹೇಗೆ ಎಂದು ಕಟುವಾಗಿ ನುಡಿದರಂತೆ. ಇಬ್ಬರ ನಡುವೆ ಹೊಡೆದಾಟವೊಂದು ಬಾಕಿ. ಬೆಸ್ಟ್ ಮರುಮಾತಾಡದೆ ಆ ರಾತ್ರಿಯೆಲ್ಲ ಕುಳಿತು ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು, ಹಳೆಯ ದ್ರಾವಣಗಳನ್ನು ಚೆಲ್ಲಿ ಹೊಸದಾಗಿ ಸಿದ್ಧಪಡಿಸಿದರು. ಅಂದಿನಿಂದ ಅವರಿಬ್ಬರ ನಡುವೆ ವಿಶ್ವಾಸ ಬೆಳೆಯಿತು. ಕೊಳಕು ಪಾತ್ರೆಯಲ್ಲಿ ಅಳೆದ ಸಕ್ಕರೆ ಸುಳ್ಳು ಹೇಳುತ್ತದೆ. ಆದುದರಿಂದ ಪಾತ್ರೆ ತೊಳೆಯುವುದು ಸಂಶೋಧನೆಯ ಒಳಗಿನ ಕೆಲಸವೇ ಹೊರತು ಹೊರಗಿನದಲ್ಲ.

ಜುಲೈ ತಿಂಗಳಲ್ಲಿ ಮತ್ತೊಂದು ಆಘಾತ. ನಾಳ ಬಿಗಿದ ನಾಯಿಗಳ ಹೊಟ್ಟೆಯನ್ನು ತೆರೆದು ನೋಡಿದರೆ ಗ್ರಂಥಿಗಳು ಬಹುತೇಕ ಹಾಗೆಯೇ ಇದ್ದವು. ಪ್ರಾಣಿಗಳ ಕರುಳಿನಿಂದ ಮಾಡಿದ ದಾರ ಒಳಗೆ ಕರಗಿಹೋಗಿ, ಬಿಗಿತ ಸಡಿಲಿತ್ತು. ಆರೇಳು ವಾರಗಳ ದುಡಿಮೆ ನೀರಿನಲ್ಲಿ ಹೋಮ. ರೇಷ್ಮೆ ದಾರದಿಂದ ಮತ್ತೆ ಬಿಗಿದರು, ಮತ್ತೆ ಕಾದರು. ಎಂಟು ವಾರಗಳ ಗಡುವು ಮುಗಿದೇ ಹೋಯಿತು. ಆದರೆ ಇಬ್ಬರೂ ಮನೆಗೆ ಹೋಗಲಿಲ್ಲ. ಸಂಬಳವೆಂಬುದು ಇರಲಿಲ್ಲ, ಬಾಂಟಿಂಗ್ ಖರ್ಚಿಗಾಗಿ ತಮ್ಮ ಮೋಟಾರು ಕಾರನ್ನೇ ಮಾರಿದರು.

ಜುಲೈ 30, ಶನಿವಾರ. 410ನೆಯ ಸಂಖ್ಯೆಯ ಬಿಳಿಯ ನಾಯಿಗೆ ಅವರು ನಶಿಸಿದ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿದರು. ಒಂದು ಗಂಟೆಯಲ್ಲಿ ರಕ್ತದ ಸಕ್ಕರೆ ಶೇಕಡಾ 0.20ರಿಂದ 0.12ಕ್ಕೆ ಇಳಿಯಿತು. ಇಂದು ನಿಮ್ಮ ವೈದ್ಯರು ಬರೆದುಕೊಡುವ ಲೆಕ್ಕದಲ್ಲಿ ಹೇಳುವುದಾದರೆ 200ರಿಂದ 120ಕ್ಕೆ. ಆ ನಾಯಿ ಬಹಳ ಕಾಲ ಬದುಕಲಿಲ್ಲ. ಆದರೆ ಆಗಸ್ಟ್ ತಿಂಗಳಿಡೀ ಪ್ರಯೋಗಗಳು ಮುಂದುವರಿದವು. ಗ್ರಂಥಿ ತೆಗೆದ ಎರಡು ನಾಯಿಗಳಲ್ಲಿ ಸಾರ ದೊರೆಯದ 409ನೆಯದು ಕೆಲವೇ ದಿನಗಳಲ್ಲಿ ಸತ್ತಿತು. ಸಾರ ಪಡೆದ 92ನೆಯದು, ಹಳದಿ ಬಣ್ಣದ ಕೋಲೀ ನಾಯಿ, ಬಾಲವಾಡಿಸುತ್ತ ಕೊಠಡಿಯಲ್ಲಿ ಓಡಾಡಿತು. ಆಗಸ್ಟ್ 31ರಂದು ಅದು ಸತ್ತಾಗ, ಯುದ್ಧಭೂಮಿಯನ್ನು ಕಂಡು ಬಂದಿದ್ದ ಬಾಂಟಿಂಗ್ ಕಣ್ಣೀರಿಟ್ಟರು.

ಈ ನಾಯಿಗಳ ವಿಷಯದಲ್ಲಿ ನನಗೂ ಒಂದು ಮಾತು ಹೇಳಲಿಕ್ಕಿದೆ. ಪಾಠ ಹೇಳುವಾಗ ಮಕ್ಕಳು ಕೇಳುತ್ತಿದ್ದರು, "ಆ ನಾಯಿಗಳು ಮಾಡಿದ ಪಾಪವೇನು ಸಾರ್?" ಎಂದು. ಆ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ನನ್ನಲ್ಲಿಲ್ಲ. ಆ ಜೀವಗಳ ಋಣ ದೊಡ್ಡದು. ಇಂದಿನ ಪ್ರಯೋಗಶಾಲೆಗಳಲ್ಲಿ ಪ್ರಾಣಿಗಳ ಬಳಕೆಗೆ ನೀತಿಸಮಿತಿಗಳ ಅನುಮತಿ ಬೇಕು; ಬೇರೆ ದಾರಿಯಿದ್ದರೆ ಅದನ್ನೇ ಹಿಡಿಯಬೇಕೆಂಬ ನಿಯಮವಿದೆ. ಅದು ಸರಿಯಾದುದೇ. ಆದರೆ ಋಣವನ್ನು ಮರೆಯುವುದಕ್ಕಿಂತ ಅದರ ಲೆಕ್ಕವನ್ನು ಬರೆದಿಡುವುದು ಮೇಲು. ಬಾಂಟಿಂಗ್ ಮತ್ತು ಬೆಸ್ಟ್ ತಮ್ಮ ನಾಯಿಗಳ ಸಂಖ್ಯೆ, ದಿನ, ಗಂಟೆ, ಸಕ್ಕರೆಯ ಪ್ರಮಾಣಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟರು. ಸೋತ ದಿನಗಳೂ ಅದರಲ್ಲಿವೆ.

ಸೆಪ್ಟೆಂಬರ್ ತಿಂಗಳಲ್ಲಿ ಮೆಕ್ಲಿಯಾಡ್ ಹಿಂದಿರುಗಿದರು. ಅಂಕಿಗಳನ್ನು ನೋಡಿ ಹಿಗ್ಗುವ ಬದಲು ಸಂಶಯಗಳನ್ನೆತ್ತಿದರು, ಮತ್ತೆ ಮಾಡಿರೆಂದರು. ಬಾಂಟಿಂಗ್‌ಗೆ ಇದು ಅವಮಾನವೆನಿಸಿತು. ಆದರೆ ಮಾರ್ಗದರ್ಶಕನಾದವನು ಕೇಳಬೇಕಾದ ಪ್ರಶ್ನೆಗಳನ್ನೇ ಮೆಕ್ಲಿಯಾಡ್ ಕೇಳಿದ್ದರು. ಬೇಸಗೆಯ ದುಡಿಮೆಗೆ ಇಬ್ಬರಿಗೂ ಹಿಂಬಾಕಿ ಸಂಬಳ ಕೊಡಿಸಿದವರೂ ಅವರೇ.

ಮರುಪರೀಕ್ಷೆಯಿಂದ ಒಂದು ವಿಚಿತ್ರ ಸಂಗತಿ ಹೊರಬಿತ್ತು. ನಾಳ ಬಿಗಿಯುವುದು ಅವಶ್ಯವೇ ಇರಲಿಲ್ಲ! ಕಸಾಯಿಖಾನೆಯಿಂದ ತಂದ, ಇನ್ನೂ ಹುಟ್ಟದ ಕರುಗಳ ಗ್ರಂಥಿಯಿಂದಲೂ ಸಾರ ದೊರೆಯಿತು. ಅನಂತರ ಬೆಳೆದ ದನಗಳ ಇಡೀ ಗ್ರಂಥಿಯನ್ನು ಮದ್ಯಸಾರದಲ್ಲಿ ಅರೆದರೂ ದೊರೆಯಿತು. ತಾಜಾ ಗ್ರಂಥಿಯಲ್ಲಿ ಜೀರ್ಣರಸ ನಿಷ್ಕ್ರಿಯ ರೂಪದಲ್ಲಿರುವುದರಿಂದ ಬಾಂಟಿಂಗ್ ಹೆದರಿದಂತೆ ಅದು ದ್ವೀಪಗಳ ರಸವನ್ನು ಕೂಡಲೇ ನುಂಗಿಹಾಕುವುದಿಲ್ಲ. ಅಂದರೆ ನಿದ್ರೆಗೆಡಿಸಿದ ಆ ಮೂಲಭೂತ ಯೋಚನೆಯೇ ತಪ್ಪು. ಬೇಸಗೆಯಿಡೀ ನಡೆದ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲು ಅನಾವಶ್ಯಕ. ಆದರೂ ಆ ಬೇಸಗೆ ವ್ಯರ್ಥವಾಗಲಿಲ್ಲ. ಊಹೆ ಬಿದ್ದುಹೋದರೂ, ಸಾರ ಚುಚ್ಚಿದರೆ ಸಕ್ಕರೆ ಇಳಿಯುತ್ತದೆಯೆಂದು ಅಳೆದು ಕಂಡ ಸಂಗತಿ ಉಳಿಯಿತು. ಊಹೆಗಿಂತ ಅಳತೆ ಗಟ್ಟಿಯೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ತಿಳಿದಿಲ್ಲ.

1922ರ ಜನವರಿ 11ರಂದು ಟೊರಾಂಟೊ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಬಾಂಟಿಂಗ್ ಮತ್ತು ಬೆಸ್ಟ್ ಸಿದ್ಧಪಡಿಸಿದ್ದ ಸಾರವನ್ನು ಚುಚ್ಚಿದರು. ಹುಡುಗ ಕೇವಲ 29 ಕಿಲೋ ತೂಗುತ್ತಿದ್ದ. ಸಾರ ಶುದ್ಧವಾಗಿರಲಿಲ್ಲ, ಸಕ್ಕರೆ ಅಲ್ಪಸ್ವಲ್ಪ ಇಳಿದರೂ ಚುಚ್ಚಿದ ಕಡೆ ಬಾವು ಬಂದಿತು. ಹಿಂದಿನ ಡಿಸೆಂಬರಿನಲ್ಲಿ ತಂಡ ಸೇರಿದ್ದ ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಸಾರವನ್ನು ಶುದ್ಧಗೊಳಿಸುವ ಉಪಾಯವನ್ನು ಕಂಡುಕೊಂಡರು. ಜನವರಿ 23ರಂದು ಅವರ ಸಾರವನ್ನು ಕೊಟ್ಟಾಗ ಸಕ್ಕರೆ ಇಳಿಯಿತು, ಹುಡುಗ ಚೇತರಿಸಿಕೊಂಡ. ಲಿಯೊನಾರ್ಡ್ 1935ರ ತನಕ ಬದುಕಿದ. ಅದೇ 1922ರ ಆಗಸ್ಟಿನಲ್ಲಿ ಚಿಕಿತ್ಸೆಗೆ ಬಂದ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿ 1981ರವರೆಗೂ ಬಾಳಿದಳು.

ಇನ್ನು ಕೀರ್ತಿಯ ಹಂಚಿಕೆ. 1923ರ ನೊಬೆಲ್ ಪಾರಿತೋಷಕ ಬಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ ಬಂದಿತು. ಬೆಸ್ಟ್ ಹೆಸರನ್ನು ಆ ವರುಷ ಯಾರೂ ಸೂಚಿಸಿಯೇ ಇರಲಿಲ್ಲ. ಸೂಚಿಸದವರಿಗೆ ಕೊಡುವ ಪದ್ಧತಿಯಿಲ್ಲ. ಬಾಂಟಿಂಗ್ ಸಿಟ್ಟಿಗೆದ್ದು, ತಮ್ಮ ಹಣದ ಅರ್ಧವನ್ನು ಬೆಸ್ಟ್ ಅವರೊಡನೆ ಹಂಚಿಕೊಳ್ಳುವುದಾಗಿ ತಂತಿ ಕಳುಹಿಸಿದರು. ಮೆಕ್ಲಿಯಾಡ್ ತಮ್ಮ ಪಾಲಿನ ಅರ್ಧವನ್ನು ಕಾಲಿಪ್ ಅವರಿಗೆ ಕೊಟ್ಟರು. ಅದೇ ವರುಷದ ಆರಂಭದಲ್ಲಿ ಬಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಹಕ್ಕುಸ್ವಾಮ್ಯವನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟಿದ್ದರು.

ಆದರೆ ಪಾರಿತೋಷಕಕ್ಕಿಂತ ಮುಂಚಿನ ಇನ್ನೊಂದು ಸಂಗತಿ ನನಗೆ ದೊಡ್ಡದಾಗಿ ತೋರುತ್ತದೆ. 1922ರ ಫೆಬ್ರವರಿಯಲ್ಲಿ ಪ್ರಕಟವಾದ ಮೊದಲ ಸಂಶೋಧನಾ ಲೇಖನದ ನೆತ್ತಿಯ ಮೇಲೆ ಎರಡೇ ಹೆಸರುಗಳಿವೆ: ಬಾಂಟಿಂಗ್, ಬೆಸ್ಟ್. ಪ್ರಯೋಗಶಾಲೆಯ ಒಡೆಯರಾದ ಮೆಕ್ಲಿಯಾಡ್ ತಮ್ಮ ಹೆಸರನ್ನು ಅದಕ್ಕೆ ಸೇರಿಸಲಿಲ್ಲ. ಬೇಸಗೆಗೆಂದು ಬಂದ ವಿದ್ಯಾರ್ಥಿಯ ಹೆಸರು ಹೀಗೆ ಲೇಖನದ ಮೇಲಿಂದಲೇ ಇತಿಹಾಸಕ್ಕೆ ಸೇರಿತು. 1929ರಲ್ಲಿ ಬೆಸ್ಟ್, ಮೆಕ್ಲಿಯಾಡ್ ತೆರವು ಮಾಡಿದ ಪ್ರಾಧ್ಯಾಪಕ ಪೀಠಕ್ಕೇ ಬಂದರು, 1978ರವರೆಗೂ ಬದುಕಿದ್ದರು. ನಾಣ್ಯದ ಆಟದಲ್ಲಿ ಸೋತ ನೋಬಲ್ ಅವರೂ 1922ರಲ್ಲಿ ಮೊಲಗಳ ಮೇಲೆ ಇನ್ಸುಲಿನ್ನಿನ ಪರಿಣಾಮವನ್ನು ಪರೀಕ್ಷಿಸಿದ ಲೇಖನಗಳಲ್ಲಿ ಸಹಲೇಖಕರಾದರು. ಆದರೆ ಅವರ ಹೆಸರನ್ನು ಇಂದು ಬಲ್ಲವರು ವಿರಳ.

ಈ ಕಥೆಯಲ್ಲಿ ಯಾರನ್ನೂ ದೇವರು ಮಾಡಬೇಕಾಗಿಲ್ಲ. ಕೆನಡಾದ ಇತಿಹಾಸಕಾರ ಮೈಕೇಲ್ ಬ್ಲಿಸ್ 1982ರಲ್ಲಿ ಈ ವೃತ್ತಾಂತವನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದರು. ಮೊದಲ ಲೇಖನದಲ್ಲಿ ಅಂಕಿಗಳನ್ನು ಅರ್ಥೈಸುವಾಗ ತಪ್ಪುಗಳಾಗಿದ್ದುವೆಂದೂ, ಮುಂದಿನ ವರುಷಗಳಲ್ಲಿ ಬೆಸ್ಟ್ ತಮ್ಮ ಪಾತ್ರವನ್ನು ಹಿಗ್ಗಿಸಿ ಹೇಳಿಕೊಂಡದ್ದುಂಟೆಂದೂ, ಮೆಕ್ಲಿಯಾಡ್ ಮತ್ತು ಕಾಲಿಪ್ ಅವರಿಗೆ ಸಲ್ಲಬೇಕಾದ ಗೌರವ ಬಹುಕಾಲ ಸಲ್ಲಲಿಲ್ಲವೆಂದೂ ಅವರು ತೋರಿಸಿಕೊಟ್ಟರು. ಇದನ್ನೆಲ್ಲ ಅವರು ತಿಳಿದದ್ದು ಹೇಗೆ? ಆ ಬೇಸಗೆಯ ಟಿಪ್ಪಣಿ ಪುಸ್ತಕಗಳು ಉಳಿದಿದ್ದವು. ಅರುವತ್ತು ವರುಷಗಳ ಬಳಿಕ ಮನುಷ್ಯರ ನೆನಪುಗಳು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದಾಗ, ಅಂದಂದೇ ಬರೆದಿಟ್ಟ ಆ ಪುಟಗಳು ಸಾಕ್ಷಿ ನುಡಿದವು.

ಟೊರಾಂಟೊದ ಬೇಸಗೆ ಒಂಟಿಯೇನಲ್ಲ. ನಮ್ಮ ದೇಶದಲ್ಲಿಯೂ 1928ರ ಬೇಸಗೆಯಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ 17 ವರುಷದ ವಿದ್ಯಾರ್ಥಿಯೊಬ್ಬ ಕಲಕತ್ತೆಯ ಪ್ರಯೋಗಶಾಲೆಯೊಂದಕ್ಕೆ ಹೋಗಿದ್ದ. ಅದು ಅವನ ಚಿಕ್ಕಪ್ಪ ಸಿ. ವಿ. ರಾಮನ್ ಅವರ ಶಾಲೆ. ರಾಮನ್ ಪರಿಣಾಮ ಪ್ರಕಟವಾಗಿ ಆಗಿನ್ನೂ ಕೆಲವೇ ತಿಂಗಳು. ಹುಡುಗನಿಗೆ ಉಪಕರಣಗಳಿಗಿಂತ ಗಣಿತ ಹೆಚ್ಚು ಒಗ್ಗಿತು. ಕಾಂಪ್ಟನ್ ಪರಿಣಾಮವನ್ನು ನಕ್ಷತ್ರಗಳ ಒಡಲಿಗೆ ಅನ್ವಯಿಸಿ ಅವನು ಬರೆದ ಲೇಖನ ಅದೇ ವರುಷ ಭಾರತೀಯ ಭೌತವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಹುಡುಗನೇ ಮುಂದೆ 1983ರಲ್ಲಿ ನೊಬೆಲ್ ಪಡೆದ ಎಸ್. ಚಂದ್ರಶೇಖರ್. ತನ್ನ ಕೈ ಯಾವ ಕೆಲಸಕ್ಕೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲವೆಂದು ಎರಡು ತಿಂಗಳಲ್ಲಿ ತಿಳಿದುಕೊಳ್ಳುವುದೂ ಸಣ್ಣ ಲಾಭವಲ್ಲ.

ಸೋತ ಬೇಸಗೆಗಳೂ ಇವೆ. 1966ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಸೆಮೂರ್ ಪ್ಯಾಪರ್ಟ್ ಎಂಬ ವಿದ್ವಾಂಸರು ವಿದ್ಯಾರ್ಥಿಗಳಿಗೆ ಒಂದು ಬೇಸಗೆ ಯೋಜನೆಯನ್ನು ಹಾಕಿಕೊಟ್ಟರು. ಗಣಕಯಂತ್ರಕ್ಕೆ ನೋಟ ಕಲಿಸಬೇಕು. ಜುಲೈ ತಿಂಗಳಲ್ಲಿ ಚೆಂಡು, ಇಟ್ಟಿಗೆಗಳಂತಹ ವಸ್ತುಗಳನ್ನು ಹಿನ್ನೆಲೆಯಿಂದ ಬೇರ್ಪಡಿಸಬೇಕು. ಮುಂದಿನ ಹಂತದಲ್ಲಿ ಬಟ್ಟಲು, ಸಲಕರಣೆಗಳನ್ನು ಗುರುತಿಸಬೇಕು. ನಮ್ಮ ಒಂದು ವರುಷದ ಮೊಮ್ಮಗು ಲೀಲಾಜಾಲವಾಗಿ ಮಾಡುವ ಈ ಕೆಲಸ ಆ ಬೇಸಗೆಯಲ್ಲಿ ಮುಗಿಯಲಿಲ್ಲ. ಚಿತ್ರದಲ್ಲಿರುವ ವಸ್ತುಗಳನ್ನು ಗುರುತಿಸುವುದರಲ್ಲಿ ಯಂತ್ರಗಳು ದೊಡ್ಡ ನೆಗೆತ ಹಾರಿದ್ದು 2012ರಲ್ಲಿ. ಹಾಗೆಂದು ಆ ಬೇಸಗೆಯನ್ನು ನಗೆಗೀಡು ಮಾಡುವುದು ತರವಲ್ಲ. ನೋಡುವುದು ಎಷ್ಟು ಕಷ್ಟದ ಕೆಲಸವೆಂಬುದು ತಿಳಿಯಬೇಕಾದರೆ ಯಾರಾದರೊಬ್ಬರು ಕೈಯಿಟ್ಟು ನೋಡಲೇಬೇಕಿತ್ತು.

ಮೊದಮೊದಲು ಹೀಗೆ ಗುರುಗಳ ಔದಾರ್ಯದಿಂದಲೋ ನೆಂಟಸ್ತನದಿಂದಲೋ ದೊರೆಯುತ್ತಿದ್ದ ಅವಕಾಶ ಕ್ರಮೇಣ ಒಂದು ವ್ಯವಸ್ಥೆಯಾಯಿತು. ಜಿನೀವಾದ ಸರ್ನ್ ಸಂಸ್ಥೆ 1962ರಲ್ಲಿ ಬೇಸಗೆಯ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. 1969ರಲ್ಲಿ ಎಂ.ಐ.ಟಿ.ಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಎಂಬ ಅಧ್ಯಾಪಕಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆಂದೇ ಕಾರ್ಯಕ್ರಮವೊಂದನ್ನು ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲಿ ರಾಮನ್ ಅವರೇ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯೂ, 1989ರಲ್ಲಿ ಹುಟ್ಟಿ ಜಕ್ಕೂರಿನಲ್ಲಿ ನೆಲೆಗೊಂಡ ಜವಾಹರಲಾಲ್ ನೆಹರೂ ಕೇಂದ್ರವೂ ಬೇಸಗೆಯ ಸಂಶೋಧನಾ ವೇತನಗಳನ್ನು ಕೊಡುತ್ತ ಬಂದಿವೆ. ಅಕಾಡೆಮಿಯ ಯೋಜನೆಯಲ್ಲಿ ಅಧ್ಯಾಪಕರಿಗೂ ಸ್ಥಾನವುಂಟೆಂಬುದನ್ನು ನಿಮ್ಮಲ್ಲಿ ಕಾಲೇಜಿನ ಬೋಧಕರಾಗಿರುವವರು ಗಮನಿಸಬೇಕು. ನಾಣ್ಯದ ಅದೃಷ್ಟವೂ ಇಲ್ಲದೆ, ಚಿಕ್ಕಪ್ಪನ ಆಸರೆಯೂ ಇಲ್ಲದೆ, ತಾಲ್ಲೂಕು ಊರಿನ ಹುಡುಗಿಯೊಬ್ಬಳು ಅರ್ಜಿ ಬರೆದು ಒಳಗೆ ಹೋಗಬಹುದಾದದ್ದು ಸಾಮಾನ್ಯ ಬದಲಾವಣೆಯಲ್ಲ.

ಆದುದರಿಂದ ರಜೆಗೆ ಹೊರಟಿರುವ ಮಕ್ಕಳಿಗೆ ನಾನು ಹೇಳುವುದು ಮೂರು ಮಾತು. ಹೋಗುವ ಮುನ್ನ ಒಂದು ಕೌಶಲವನ್ನು, ಅದು ಎಷ್ಟೇ ಚಿಕ್ಕದಾಗಿರಲಿ, ತಪ್ಪಿಲ್ಲದಂತೆ ಕಲಿತುಕೊಳ್ಳಿರಿ. ಬೆಸ್ಟ್ ಕೈಯಲ್ಲಿದ್ದುದು ಒಂದೇ ಅಳತೆಯ ವಿದ್ಯೆ. ಕಂಡದ್ದನ್ನೆಲ್ಲ ಅಂದಂದೇ ದಿನಾಂಕ ಹಾಕಿ ಬರೆದಿಡಿರಿ. ಕೆಟ್ಟುಹೋದ ಪ್ರಯೋಗವನ್ನೂ ಬಿಡದೆ ಬರೆಯಿರಿ. ನೀವು ಹೊತ್ತುಹೋದ ಯೋಚನೆ ಸುಳ್ಳಾದರೆ ಕುಗ್ಗಬೇಡಿರಿ. ಅಳತೆ ಪ್ರಾಮಾಣಿಕವಾಗಿದ್ದರೆ ಅದು ಇನ್ನಾರಿಗಾದರೂ ದಾರಿಯಾಗುತ್ತದೆ.

ನಿಮ್ಮಲ್ಲಿ ಇಂದು ಪ್ರಯೋಗಶಾಲೆಗಳ ಮುಖ್ಯಸ್ಥರಾಗಿರುವವರೂ, ಕಾರ್ಖಾನೆಗಳಲ್ಲಿ ಹಿರಿಯ ಇಂಜಿನಿಯರುಗಳಾಗಿರುವವರೂ ಇದ್ದೀರಿ. ನಿಮಗೆ ಹೇಳುವುದು ಒಂದೇ ಮಾತು. ಬೇಸಗೆಗೆ ಬಂದ ಹುಡುಗನಿಗೆ ನಿಜವಾದ ಪ್ರಶ್ನೆಯನ್ನೇ ಕೊಡಿರಿ, ಅವನ ಅಂಕಿಗಳನ್ನು ಸಂಶಯದಿಂದಲೇ ನೋಡಿರಿ, ಮತ್ತೆ ಮಾಡೆನ್ನಿರಿ. ಆದರೆ ಕೆಲಸ ಮುಗಿದು ಲೇಖನ ಬರೆಯುವಾಗ ಅವನ ಹೆಸರನ್ನು ಮರೆಯಬೇಡಿರಿ. ಆ ಎರಡು ತಿಂಗಳು ನಿಮಗೆ ಹತ್ತರೊಡನೆ ಹನ್ನೊಂದನೆಯದು. ಅವನಿಗೆ ಅದು ಮೊದಲನೆಯದು.

ನಿಮ್ಮ ಮಕ್ಕಳು ಈ ಬೇಸಗೆಯಲ್ಲಿ ಎಲ್ಲಿ, ಯಾವ ಪ್ರಶ್ನೆಯ ಬೆನ್ನುಹತ್ತಿದ್ದಾರೆಂಬುದನ್ನು ನನಗೆ ಬರೆದು ತಿಳಿಸಿರಿ. ಓದಲು ಸಂತೋಷವಾಗುತ್ತದೆ.